ಪಕ್ಷ ಬದಲಿಸಿದ ಮೂವತ್ತೊಂದು ಮಂದಿ

ಡಿಸೆಂಬರ್ 29

ಬೆಳಿಗ್ಗೆ ಮೊಟ್ಟೆ, ಹಂದಿಮಾಂಸ, ಎರಡು ಲೋಟ ಕಾಫಿ. ಆಮೇಲೆ ಮತದಾರರ ಪಟ್ಟಿ ಇಡುವ ಕೌಂಟಿ ಕಚೇರಿ. ಗೆಳೆಯ ಡೆನ್ವರನ ಮೇವಿನಂಗಡಿಯಲ್ಲಿ ಹರಟುವ ಮೂವತ್ತು ಜನರನ್ನೂ ಈ ವಾರ ಅಲ್ಲಿಗೆ ಅಟ್ಟಿದ್ದಾಗಿತ್ತು. ಕೊನೆಯವನು ನಾನು. ಹುಟ್ಟಾ ರಿಪಬ್ಲಿಕನ್ನರೆಲ್ಲ ಈಗ ಕಾಗದದ ಮೇಲೆ ಡೆಮಾಕ್ರಟರು! ಅಭ್ಯರ್ಥಿಯನ್ನು ಆರಿಸುವ ಅವರ ಒಳಚುನಾವಣೆಯಲ್ಲಿ ಇದ್ದುದರಲ್ಲೇ ದಡ್ಡನಿಗೆ ವೋಟು ಹಾಕಿ ಗೆಲ್ಲಿಸುವುದು. ನವೆಂಬರಿನಲ್ಲಿ ನಮ್ಮ ಅಕ್ಕನ ಮಗಳು, ಶಾಸಕಿ ಟ್ವೈಲಾಗೆ ಅವನೇ ಎದುರಾಳಿ. ಇಡೀ ಕೆಂಟಕಿಯಲ್ಲಿ ಇಂಥ ಉಪಾಯ ಇನ್ನಾರಿಗೆ ಹೊಳೆದೀತು?

ಕಚೇರಿಯ ರೋಮಾ ಕನ್ನಡಕ ಇಳಿಸಿ ನೋಡಿದಳು. "ಆರ್ವಿಲ್, ಮೇ ತಿಂಗಳ ಒಳಚುನಾವಣೇಲಿ ನಿಂಗೆ ನಿನ್ನ ಪಕ್ಷದ ಮತಚೀಟಿ ಸಿಗಲ್ಲ. ಡಿಸೆಂಬರ್ ದಾಟಿದ್ರೆ ವಾಪಸ್ ಬರೋಕೂ ಆಗಲ್ಲ. ಗೊತ್ತು ತಾನೆ?"

"ನಮ್ಮ ಹುಡುಗಿಗೆ ನಮ್ಮ ಪಕ್ಷದಲ್ಲಿ ಎದುರು ನಿಲ್ಲೋ ಗಂಡಸು ಹುಟ್ಟಿಲ್ಲ ಕಣಮ್ಮಾ."

ಪಕ್ಷ ಬದಲಿಸುವ ಚೀಟಿಗೆ ಸಹಿ ಹಾಕಿದೆ. ದಪ್ಪಗೆ. ಟ್ವೈಲಾಗೆ ಹೇಳಿಲ್ಲ — ಗೆದ್ದ ಮೇಲೆ ಹೇಳಿ ನಗಿಸುವುದು.

ಜನವರಿ 6

ನಿನ್ನೆ ಅಭ್ಯರ್ಥಿಗಳು ಅರ್ಜಿ ಹಾಕಲು ಕೊನೆಯ ದಿನ. ಬಾಗಿಲು ಮುಚ್ಚಲು ಹತ್ತು ನಿಮಿಷ ಇದ್ದಾಗ ಕೋಲ್ಟನ್ ಮೇಫೀಲ್ಡ್ ಎಂಬ ಎಳೆಯ ವಕೀಲ ನಮ್ಮ ಪಕ್ಷದಿಂದಲೇ ಅರ್ಜಿ ಹಾಕಿದನಂತೆ. ಟ್ವೈಲಾ ಪಕ್ಷದ ನಿಲುವಿನಲ್ಲಿ ಮೆತ್ತಗಾಗಿದ್ದಾಳೆ ಅನ್ನುತ್ತಾನಂತೆ! ಹನ್ನೆರಡು ವರ್ಷ ಶಾಸನಸಭೆಯಲ್ಲಿ ಬಂದೂಕಿನ ಪರ, ಗರ್ಭಪಾತದ ವಿರುದ್ಧ ಒಂದು ವೋಟೂ ತಪ್ಪಿಸಿದವಳಲ್ಲ. ಊರ ಶಾಲೆಯ ಹಣ ಖಾಸಗಿಯವರಿಗೆ ಬೇಡ ಎಂದಳು, ಅಷ್ಟೇ. ಆ ಶಾಲೆಯ ಬಸ್ಸು ಓಡಿಸಿಕೊಂಡೇ ಮೇಲೆ ಬಂದವಳು.

ಡೆಮಾಕ್ರಟರಲ್ಲಿ ನಿಂತವನು ಒಬ್ಬನೇ. ನಮ್ಮ ವೋಟಿಗೆ ಅಲ್ಲಿ ಕೆಲಸವೇ ಇಲ್ಲ.

"ಈಗೇನ್ಮಾಡೋದು ಹೇಳಪ್ಪಾ, ಮಹಾ ಮೇಧಾವಿ?" ಎಂದ ಡೆನ್ವರ್.

"ಮೂವತ್ತೊಂದು ವೋಟು ಯಾವ ಲೆಕ್ಕ ಬಿಡೋ."

ಡೆನ್ವರ್ ಎದ್ದು ಮೂಟೆ ಜೋಡಿಸಲು ಹೋದ.

ಮೇ 22

ನಿನ್ನೆ ಒಳಚುನಾವಣೆ. ದಿನವಿಡೀ ಮತಗಟ್ಟೆಯ ಆಚೆ ಟ್ವೈಲಾಳ ಬೋರ್ಡು ಹಿಡಿದು ನಿಂತಿದ್ದೆ. ಒಳಗೆ ಹೋಗಲಿಲ್ಲ.

ಹತ್ತೊಂಬತ್ತು ವೋಟಿನಿಂದ ಸೋತಳು.

ಮೇ 26

ಟ್ವೈಲಾ ಬಂದಿದ್ದಳು. ಗಂಡ ಗಣಿಯಲ್ಲಿ ಸತ್ತಾಗಲೂ ಮುಖ ಇಷ್ಟು ಇಳಿದಿರಲಿಲ್ಲ. ಕೈಯಲ್ಲಿ ಮತದಾರರ ಪಟ್ಟಿ.

"ಮಾವ, ನಮ್ಮೋರು ಮೂವತ್ತೊಂದು ಜನ ಆ ಕಡೆ ಪಟ್ಟೀಲಿದ್ದಾರೆ. ನೀನೂ! ನೀನು ಡೆಮಾಕ್ರಟ್ ಅಂತೆ, ಯಾರಾದ್ರೂ ನಂಬ್ತಾರಾ?"

ನಕ್ಕಳು. ನಾನೂ ನಕ್ಕೆ. ಯಾಕೆ ನಕ್ಕೆನೋ...

"ಇದು ರೋಮಾದೇ ಕೆಲಸ. ಸಹಿ ಇರೋ ಚೀಟಿ ಇದೆ ಅಂತಾಳೆ. ಎಲ್ಲಾ ನಕಲಿ. ಕೋರ್ಟಿಗೆ ಹಾಕ್ತಿದ್ದೀನಿ."

"ರೋಮಾ ಅಂಥೋಳಲ್ಲ ಕಣೇ."

"ಹಾಗಾದ್ರೆ ನೀನೇ ಸಹಿ ಹಾಕಿದ್ಯಾ?"

ಹೇಳಬಹುದಿತ್ತು. ಬಾಯಿ ತೆರೆದೂ ಇತ್ತು. "ಕಾಫಿ ಕುಡೀತೀಯಾ?" ಎಂದೆ.

ಜೂನ್ 2, ಭಾನುವಾರ

ಪೇಪರಿನಲ್ಲಿ ನಕಲಿ ಸಹಿಯ ಆರೋಪದ ಜೊತೆ ರೋಮಾಳ ಫೋಟೋ. ಚರ್ಚಿನಲ್ಲಿ ಅವಳ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ನನ್ನತ್ತ ತಿರುಗಿ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಡೆನ್ವರ್ ಅಂಗಡಿಯ ಬಾಗಿಲಲ್ಲೇ ತಡೆದ. "ಐಡಿಯಾ ನಿಂದು, ಬಾಯಿ ನಿಂದು. ನೀನೇ ಹೋಗಿ ಹೇಳು. ನಮ್ಮನ್ನ ಎಳೀಬೇಡ."

ಜೂನ್ 4, ಬೆಳಿಗ್ಗೆ 8

ಇವತ್ತು ಕೋರ್ಟಿನಲ್ಲಿ ಮೊದಲ ಸಾಕ್ಷಿ ನಾನಂತೆ. ಸಹಿ ನನ್ನದಲ್ಲ ಎಂದರೆ ರೋಮಾ ಜೈಲಿಗೆ. ನನ್ನದೇ ಎಂದರೆ — ಅಕ್ಕ ಸತ್ತಾಗ ಟ್ವೈಲಾ ಎಂಟು ವರ್ಷದ ಕೂಸು. ಸಾಕಿದವನು ನಾನು. ಟ್ರಕ್ಕಿನ ಹಿಂಬದಿಗೆ ಹತ್ತಿಸಿ ಭಾಷಣ ಕಲಿಸಿದವನೂ ನಾನೇ. ಅವಳನ್ನು ಮೇಲೆತ್ತಿದ್ದು ನಾನು ಎಂದು ಊರೆಲ್ಲ ಕೊಚ್ಚಿಕೊಂಡಿದ್ದೇನೆ. ಬೀಳಿಸಿದ್ದೂ...

ಹೊರಗೆ ಹಾರ್ನ್. ಅವಳೇ.

"ಮಾವ, ಟೈ ಕಟ್ಕೊಂಡ್ಯಾ? ಹೆದರ್ಬೇಡ. ಊರಿಗೆಲ್ಲ ಬುರುಡೆ ಬಿಟ್ರೂ ನನ್ನ ಹತ್ರ ಒಂದಿನಾನೂ ಸುಳ್ಳು ಹೇಳಿಲ್ಲ ನೀನು. ಅಷ್ಟು ಸಾಕು."

ಬೂಟು ಹಾಕಿಕೊಳ್ಳುತ್ತಿದ್ದೇನೆ ಎಂದು ಕೂಗಿದೆ. ಅವಳು ಒಳಗೆ ಬರುವಷ್ಟರಲ್ಲಿ ಬರೆದುಬಿಡಬೇಕು. ಬರೆದರೆ ಹೇಳಲೇಬೇಕಾಗುತ್ತದೆ. ಜಡ್ಜಿನ ಮುಂದೆ ನಾನು ಹೇಳುವುದು ಇಷ್ಟೇ —