ಅಜ್ಜಿ ಕರೆಯುವ ಹೆಸರು

ಮಾರ್ಚ್ ೧೧, ಮಂಗಳವಾರ

ಇವತ್ತು ಸ್ವಲ್ಪದರಲ್ಲಿ ಅನಾಹುತ ತಪ್ಪಿತು. ಅಪ್ಪ ಅಮ್ಮ ಮಗಳಿಗಾಗಿ ಕಿತ್ತಾಡುತ್ತಿರುವ ಆ ಕೇಸಿನ ಕಡತ ನಮ್ಮ ಕೋರ್ಟಿನ ದಾಖಲೆ ವಿಭಾಗದಲ್ಲಿ ನಾಳೆ ಬೆಳಿಗ್ಗೆಯಿಂದ ಯಾರು ಕೇಳಿದರೂ ನೋಡಲು ಸಿಗುತ್ತದೆ. ಹುಡುಗಿಯ ಗುರುತು ಸಿಗಬಾರದೆಂದು ಅವಳ ಹೆಸರಿದ್ದಲ್ಲೆಲ್ಲ ಕಪ್ಪು ಪಟ್ಟಿ ಎಳೆದು, ಎರಡೆರಡು ಸಲ ನೋಡಿ, ನಾನೇ ಸಹಿ ಹಾಕಿದ್ದೆ.

ಮೂರು ಗಂಟೆಗೆ ಅವಳ ಅಜ್ಜಿ ಕೌಂಟರಿಗೆ ಬಂದರು. ಕನ್ನಡಕ ಏರಿಸಿ ತಮ್ಮ ಹೇಳಿಕೆಯ ಪ್ರತಿ ಓದಿದರು. "ಅಲ್ಲಮ್ಮಾ, ನೀವು ಮುಚ್ಚಿರೋ ಹೆಸರು ಸ್ಕೂಲಿನೋರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಬೀದಿಯೋರೆಲ್ಲ ಕರೆಯೋದು ಈ ಹೆಸರಲ್ಲೇ," ಎಂದು ಬೆರಳಿಟ್ಟು ತೋರಿಸಿದರು. ಮುದ್ದಿನ ಹೆಸರು. ಹನ್ನೊಂದು ಕಡೆ ಆರಾಮಾಗಿ ಕೂತಿತ್ತು. ಊರಿಗೆಲ್ಲ ಬುದ್ಧಿ ಹೇಳುವವಳು ನಾನು!

ಹೇಳಿಕೆ ಸಲ್ಲಿಸಿದ್ದ ವಕೀಲರನ್ನು ಕರೆಸಿದೆ. "ಮುದ್ದಿನ ಹೆಸರಿಗೆಲ್ಲ ಇಷ್ಟು ರಂಪ ಯಾಕೆ ಮೇಡಂ?" ಎಂದು ಗೊಣಗಿದರು.

ನನಗೆ ರೇಗಿತು. "ನಿಮ್ಮ ಮಗಳನ್ನ ಮನೇಲಿ ಏನಂತ ಕರೀತೀರಿ? ಇಲ್ಲೇ ಗಟ್ಟಿಯಾಗಿ ಹೇಳಿ, ನೋಡೋಣ."

ಅವರು ಬೆನ್ನ ಹಿಂದಿದ್ದ ಜನರ ಸಾಲನ್ನು ಒಮ್ಮೆ ನೋಡಿದರು. ಆಮೇಲೆ ತೆಪ್ಪಗೆ ಕುರ್ಚಿ ಎಳೆದುಕೊಂಡು, ಕಡತ ಮುಗಿಯುವವರೆಗೂ ನನ್ನೊಡನೆ ಸಾಲು ಸಾಲಾಗಿ ಆ ಹೆಸರು ಹುಡುಕಿ ಪಟ್ಟಿ ಎಳೆಸಿದರು.

ಇನ್ನು ಮೇಲೆ ಮಕ್ಕಳ ಕೇಸುಗಳಲ್ಲಿ ಮನೆಯ ಹೆಸರನ್ನೂ ಮೊದಲೇ ಮುಚ್ಚಿದ ಲಕೋಟೆಯಲ್ಲಿ ಕೇಳಿ ಪಡೆಯೋಣವೆಂದು ಸಾಹೇಬರಿಗೆ ಹೇಳಿದೆ. "ನಾಳೆಯಿಂದಲೇ ಶುರು ಮಾಡಿ," ಎಂದರು. ಇಷ್ಟು ಬೇಗ ಒಪ್ಪಿದ್ದು ಇದೇ ಮೊದಲು!

ಆದರೂ ಎಷ್ಟು ಚೆಂದದ ಹೆಸರು ಅದು. ಎರಡೇ ಅಕ್ಷರ, ಕರೆದರೆ ಬಾಯಿ ತಾನಾಗಿ ನಗುತ್ತದೆ. ಅಜ್ಜಿ ಹೇಗೆ ಕರೆಯುತ್ತಾರೆಂದರೆ...

ಬೇಡ. ಈ ಪುಸ್ತಕಕ್ಕೆ ಬೀಗವಿಲ್ಲ.