ಹಿಂಬಾಗಿಲಿನ ಪ್ರಶ್ನೆ

ಟೀಚರಮ್ಮನವರಿಗೆ ನಮಸ್ಕಾರ.

ಬುದ್ಧಿವಂತ ಮಕ್ಕಳಿಗಷ್ಟೇ ಅಲ್ಲ, ಹಿಂದಿನ ಬೆಂಚಿನವರಿಗೂ ನೀವು ಯೋಚಿಸಿ ಪ್ರಶ್ನೆ ಕೇಳುವುದನ್ನು ಕಲಿಸಿದಿರಿ. ನನ್ನ ಮಗಳು ಕಲಿತುಬಿಟ್ಟಳು. ನಿನ್ನೆ ಶಾಲೆಗೆ ಬಂದಿದ್ದ ಕಾರ್ಖಾನೆ ಮಾಲೀಕರು, ತಮ್ಮಲ್ಲಿ ಬೆಂಕಿ ಬಿದ್ದು ಜನ ಸತ್ತದ್ದು ಕೆಲಸಗಾರರ ತಪ್ಪಿನಿಂದಲೇ ಎಂದಾಗ ಎದ್ದು ನಿಂತು, "ಹಾಗಾದ್ರೆ ಹಿಂಬಾಗಿಲಿಗೆ ಹೊರಗಿಂದ ಬೀಗ ಹಾಕಿದ್ದು ಯಾರು ಸಾರ್?" ಎಂದಳಂತೆ.

ಇವತ್ತು ಅವಳು ಶಾಲೆಗೆ ಹೊರಟ ಮೇಲೆ ಆ ಮಾಲೀಕರ ಕಡೆಯ ಇಬ್ಬರು ಬಂದು ನಮ್ಮ ಮನೆಯೆದುರು ನಿಂತಿದ್ದಾರೆ. ಒಬ್ಬ ನಗುತ್ತಾ, "ಮಗಳು ಯಾವಾಗ ಬರ್ತಾಳಕ್ಕಾ?" ಎಂದ.

ಇವತ್ತು ಅವಳನ್ನು ಮನೆಗೆ ಕಳಿಸಬೇಡಿ, ನಿಮ್ಮಲ್ಲೇ ಇಟ್ಟುಕೊಳ್ಳಿ. ಪಕ್ಕದ ಮನೆಯ ಅಜ್ಜಿಯ ಕೈಯಲ್ಲಿ ಬಟ್ಟೆ ಕಳಿಸಿದ್ದೇನೆ.

ಆದರೆ ಸುಮ್ಮನಿರು ಎಂದು ಮಾತ್ರ ಅವಳಿಗೆ ಹೇಳಬೇಡಿ. ಬೆಳಗ್ಗೆ ಹಾಗೆ ಹೇಳಲು ನಾನೇ ಬಾಯಿ ತೆರೆದಿದ್ದೆ. ಆ ಬಾಗಿಲ ಹಿಂದೆ ಸುಟ್ಟುಹೋದ ಅವಳಪ್ಪನ ನೆನಪಾಗಿ ಮಾತೇ ಹೊರಡಲಿಲ್ಲ.

ನಿಮ್ಮನ್ನೇ ನಂಬಿರುವ,
ಅವಳ ಅಮ್ಮ