ಎಡಕ್ಕೆ ಹೋದ ಮೆಟ್ಟಿಲು

ಶೂಟಿಂಗ್ ಶೆಡ್ಡು, ಮರಗೆಲಸದ ಮೂಲೆ
ಗುರುವಾರ, ಊಟದ ಬಿಡುವು

ನನ್ನ ಪ್ರೀತಿಯ ಗುಬ್ಬಿ,

ಕಾಲಿನ ಪ್ಲಾಸ್ಟರ್ ಒಳಗಿನ ತುರಿಕೆ ನಿಂತಿತೇ? ಅಳತೆಪಟ್ಟಿ ತೂರಿಸಿ ಕೆರೆದುಕೊಳ್ಳಬೇಡ, ಡಾಕ್ಟರಿಗೆ ಹೇಳಿಕೊಡುತ್ತೇನೆ. ಏಣಿ ಮೇಲಿದ್ದಾಗ ಹರಟಬೇಡ ಎಂದವರು ಯಾರು? ಈ ಚಿಕ್ಕಪ್ಪನೇ. ನಮ್ಮ ಮಾತು ಯಾರು ಕೇಳುತ್ತಾರೆ! ಇರಲಿ. ನೀನು ಮಲಗಿದಲ್ಲಿಂದಲೇ ಬರೆದು ಕಳಿಸಿದ ನಕ್ಷೆ ಹಿಡಿದು ಧಾರಾವಾಹಿಯ ದೊಡ್ಡಮನೆಯನ್ನು ಎಬ್ಬಿಸಿ ನಿಲ್ಲಿಸಿದ್ದೇನೆ. ಒಂಬತ್ತೇ ದಿನ! ಕಂಬಗಳು ಪ್ಲೈವುಡ್ಡಿನವು ಎಂದರೆ ಬಣ್ಣ ಬಳಿದವನೇ ನಂಬುವುದಿಲ್ಲ. ಮೊನ್ನೆ ಲೈಟಿನವನು ಒಂದಕ್ಕೆ ಒರಗಿ ಕಂಬದ ಸಮೇತ ಬಿದ್ದ. ಅಷ್ಟು ನಂಬಿದ್ದ, ಪಾಪ.

ಈಗ ವಿಷಯ ಹೇಳುತ್ತೇನೆ, ಹಾಸಿಗೆಯಿಂದ ಏಳಬೇಡ. ನಾಯಕಿಯ ಬಾಲ್ಯದ ಕಂತುಗಳಲ್ಲಿ ಮೆಟ್ಟಿಲು ಬಲಕ್ಕಿತ್ತು. ಆ ಸೆಟ್ಟು ಬಿಚ್ಚಿ ಹಾಕಿದ ಮೇಲೆ, ಹನ್ನೆರಡು ವರ್ಷ ಕಳೆದು ಅವಳು ಮರಳಿ ಬರುವ ಅದೇ ಮನೆಯನ್ನು ಮತ್ತೆ ಕಟ್ಟಬೇಕಿತ್ತಲ್ಲ. ನಿನ್ನ ನಕ್ಷೆಯೋ, ಎರಡೂ ಬದಿಯಿಂದ ಗೆರೆ ಕಾಣುವ ತೆಳು ಟ್ರೇಸಿಂಗ್ ಹಾಳೆ. ಅಳತೆಗಳೆಲ್ಲ ಬೇರೆ ಚೀಟಿಯಲ್ಲಿ. ಹಾಳೆಯನ್ನು ಹಲಗೆಗೆ ಮೊಳೆ ಹೊಡೆದು ಸಿಕ್ಕಿಸಿದವನು ನಾನೇ, ಅದರ ಬೆನ್ನು ಮೇಲೆ ಮಾಡಿ. ಊರ ಶಾಲೆಯಲ್ಲಿ ಏಳನೇ ತರಗತಿಗೆ ಮೊದಲಿಗನಾಗಿ ಬಂದವನಿಗೆ ಎಡಬಲ ಗೊತ್ತಿಲ್ಲವೇ? ಗೊತ್ತು. ಆದರೂ ಇಡೀ ಮನೆ ಕನ್ನಡಿಯೊಳಗಿನ ಮನೆಯಂತೆ ತಿರುಗಿ ಕೂತಿದೆ.

ಇಂದು ಬೆಳಿಗ್ಗೆ ನಾಯಕಿಯ ಪಾತ್ರದ ನಟಿ ಒಳಗೆ ಬಂದು, ಹಳೆಯ ಕಂತುಗಳಲ್ಲಿ ನೋಡಿದ್ದಂತೆ ಮೆಟ್ಟಿಲು ಅಲ್ಲೇ ಇರುತ್ತದೆಂದು ಬಲಕ್ಕೆ ನಡೆದಳು. ಗೋಡೆ ಎದುರಾಯಿತು. ಅದನ್ನು ಸವರುತ್ತಾ ನಿಂತವಳ ಕಣ್ಣಲ್ಲಿ ನೀರು. ಕ್ಯಾಮೆರಾ ಓಡುತ್ತಲೇ ಇತ್ತು. ನಾನು ಸುತ್ತಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ. ನಿರ್ದೇಶಕರು ಎದ್ದು ನಿಂತು, "ಗೊತ್ತಿರೋ ಮನೇಲೇ ದಾರಿ ತಪ್ಪೋ ಹಾಗೆ ಮಾಡಿದಾರಲ್ಲ! ಇದು ಯಾರ ತಲೆ ಕಣಯ್ಯಾ?" ಎಂದರು. ಬೈದರೋ ಹೊಗಳಿದರೋ ತಿಳಿಯುವ ಮೊದಲೇ "ನಮ್ಮ ಗುಬ್ಬೀದು ಸಾರ್" ಎಂದುಬಿಟ್ಟೆ. ಹೊಗಳಿಕೆಯೇ ಆಗಿತ್ತು. ಮುಂದಿನ ಸಿನಿಮಾದ ಮನೆಗಳನ್ನೆಲ್ಲ ನಿನಗೇ ಒಪ್ಪಿಸುತ್ತಾರಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆಮೇಲೆ ಆ ಮೆಟ್ಟಿಲ ಮೇಲೆ ಕೂತು ಯೋಚಿಸಿದರೆ ಒಂದೂ ಬಗೆಹರಿಯುತ್ತಿಲ್ಲ ಮಗಳೇ. ನಿನ್ನ ಹೆಸರು ಬಾಯಿಗೆ ಬಂದದ್ದು ಪ್ರೀತಿಯಿಂದಲೋ, ಬೈಗುಳ ನನಗೆ ಬೀಳದಿರಲಿ ಎಂಬ ಹೆದರಿಕೆಯಿಂದಲೋ? ತಪ್ಪಿಗೆ ಚಪ್ಪಾಳೆ ಬಿದ್ದರೆ ಅದು ತಪ್ಪೋ, ಕೆಲಸವೋ? ಕಂಡವರ ಕೆಲಸವನ್ನೂ ನನ್ನದೆಂದು ಕೊಚ್ಚಿಕೊಂಡು ತಿರುಗಿದವನು ನಾನು. ಇವತ್ತು ನನ್ನದನ್ನೇ ನನ್ನದೆನ್ನಲು ನಾಲಿಗೆ ಏಳುತ್ತಿಲ್ಲ.

ಫೋನಿನಲ್ಲಿ ಹೇಳಿದ್ದರೆ ನೀನು ಅರ್ಧಕ್ಕೇ ಬೈದು ಇಡುತ್ತಿದ್ದೆ, ಅದಕ್ಕೇ ಕಾಗದ. ಬೇಗ ಎದ್ದು ಕುಣಿಯುವಂತಾಗು. ಅತ್ತಿಗೆಗೆ ನಮಸ್ಕಾರ. ಅಣ್ಣನಿಗೆ ಇದನ್ನು ತೋರಿಸಬೇಡ, ಹಿಂದಿನದನ್ನೆಲ್ಲ ಕೆದಕುತ್ತಾನೆ.

ನಿನ್ನ ಬಡಗಿ ಚಿಕ್ಕಪ್ಪ

ಅವಸರದಲ್ಲಿ ಬಿಟ್ಟಿದ್ದು: ಶನಿವಾರ ನಿರ್ದೇಶಕರೇ ನಿನ್ನನ್ನು ನೋಡಲು ಬರುತ್ತಾರೆ, ಈ ಯೋಚನೆ ಹೇಗೆ ಹೊಳೆಯಿತೆಂದು ಕೇಳುತ್ತಾರೆ. ಇದನ್ನು ತಂದವನು ಅವರ ಡ್ರೈವರ್, ಹೊರಗೆ ಕಾಯುತ್ತಿದ್ದಾನೆ. ಯೋಚನೆ ನಿನ್ನದೇ ಆಗಲಿ ಎನ್ನುವುದಾದರೆ ಕಾಗದ ಹರಿದುಹಾಕು, ನಾನು ಸಾಯುವತನಕ ಬಾಯಿ ಬಿಡುವುದಿಲ್ಲ. ಮನಸ್ಸು ಒಪ್ಪದಿದ್ದರೆ ಇದನ್ನೇ ಮಡಿಸಿ ಅವನ ಕೈಲಿ ಅವರಿಗೆ ಕಳಿಸಿಬಿಡು. ತಪ್ಪು ಯಾರದೆಂದು ಇದರಲ್ಲಿ ಇದೆ. ಸಹಿಯೂ ಹಾಕಿದ್ದೇನೆ.